ಎರಡನೆಯ ಬಕೀಟು ಬಿಸಿನೀರು

"ಓದ! ನೀನ ಓದಿ ಹೇಳ! ಏನ ಬರದಾರ ಇದರಾಗ?"

ಮಹಾದೇವನ ಒಂದು ಕೈಯಲ್ಲಿ ದವಾಖಾನೆಯಿಂದ ಬಂದ ಕಾರ್ಡು ಇತ್ತು, ಇನ್ನೊಂದು ಕೈಯಲ್ಲಿ ಹೆಂಡತಿಯ ತುರುಬು. ಗಿರಣಿಯ ಮೋಟಾರು ಬಂದ್ ಮಾಡಿ ಇನ್ನೂ ಅರ್ಧ ನಿಮಿಷವಾಗಿರಲಿಲ್ಲ. ಕಲ್ಲು ತನ್ನ ಪಾಡಿಗೆ ಗರಗರ ತಿರುಗುತ್ತ ನಿಲ್ಲುವುದರಲ್ಲಿತ್ತು. ಜೋಳ ಬೀಸಿಸಲು ಬಂದಿದ್ದ ಇಬ್ಬರು ಹೆಂಗಸರು ಡಬ್ಬಿಗಳನ್ನು ಅಲ್ಲಿಯೇ ಬಿಟ್ಟು ಓಣಿಗೆ ಇಳಿದಿದ್ದರು. ನಾಗರತ್ನಾಳ ಮುಖವನ್ನು ಅವನು ಆ ಕಾರ್ಡಿಗೆ ಒತ್ತಿ ಹಿಡಿದಿದ್ದ. ಅವಳ ಮೂಗಿನಿಂದ ಇಳಿದ ರಕ್ತದ ಒಂದು ಹನಿ ಅಂಚೆಯ ಮುದ್ರೆಯ ಮೇಲೆ ಬಿತ್ತು...

ಸಂಗೊಳ್ಳಿಯ ಆ ಗಿರಣಿಗೂ ಮನೆಗೂ ನಡುವೆ ಇದ್ದದ್ದು ಒಂದೇ ಬಾಗಿಲು. ಆ ಬಾಗಿಲ ಚೌಕಟ್ಟು ಹಿಡಿದು ಮಹಾದೇವನ ತಾಯಿ ಗುರವ್ವ ನಿಂತಿದ್ದಳು. ಅರವತ್ತು ದಾಟಿದ ಹೆಣ್ಣು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗವಿಟ್ಟ ಬೆಳ್ಳಿಯ ಕರಡಿಗೆ, ಕೂದಲಲ್ಲಿ ಬೆಳಗಿನ ಜಳಕದ ತೇವ. ಕಾರ್ಡಿನಲ್ಲಿ ಏನಿದೆ ಎಂಬುದು ಅವಳಿಗೆ ಆಗಲೇ ಕೇಳಿಸಿತ್ತು. ರೋಗಿ ನಾಗರತ್ನಾ ಎಂಬುವವರು ಇಪ್ಪತ್ತೈದು ಸಲ ಪಡೆಯಬೇಕಾದ ಚಿಕಿತ್ಸೆಯನ್ನು ಹನ್ನೊಂದು ಸಲ ಮಾತ್ರ ಪಡೆದು ನಡುವೆ ಬಿಟ್ಟಿರುತ್ತಾರೆ. ಹೀಗೆ ಬಿಟ್ಟವರ ಖರ್ಚುವೆಚ್ಚ, ತೊಂದರೆಗಳ ಬಗ್ಗೆ ಅಧ್ಯಯನ ನಡೆದಿದೆ. ನಮ್ಮ ಕಾರ್ಯಕರ್ತೆ ಗುರುವಾರ ನಿಮ್ಮ ಮನೆಗೆ ಬರುತ್ತಾರೆ... ಇಷ್ಟೇ. ನಾಲ್ಕು ಸಾಲು!

"ಡಾಕ್ಟರು ಸಾಕಂದ್ರು ಅಂತ ಹೇಳಿ ಬಂದ್ರೆಲ್ಲ ಇಬ್ರೂ! ಹನ್ನೊಂದಕ್ಕ ಸಾಕಾತೇನ? ಯಾಕ ಓಡಿ ಬಂದಿ? ಖಾರದ ಮಷಿನ್ ಮಾರೀನಿ ನಿನ್ನ ಸಲುವಾಗಿ! ನೋಡ ಅಲ್ಲಿ, ನೋಡ!"

ಅವನು ಅವಳ ತಲೆಯನ್ನು ಗಿರಣಿಯ ಮೂಲೆಯ ಕಡೆಗೆ ತಿರುಗಿಸಿದ. ಅಲ್ಲಿ ಒಣಮೆಣಸಿನಕಾಯಿ ಕುಟ್ಟುವ ಯಂತ್ರ ನಿಂತಿದ್ದ ಜಾಗ ಖಾಲಿಯಾಗಿತ್ತು. ಸಿಮೆಂಟಿನಲ್ಲಿ ನಾಲ್ಕು ದಪ್ಪ ಬೋಲ್ಟುಗಳು ಮಾತ್ರ ತಲೆಯೆತ್ತಿ ನಿಂತಿದ್ದವು. ಅವುಗಳ ಸುತ್ತ ನೆಲ ಇನ್ನೂ ಕೆಂಪಗಿತ್ತು. ಸುಗ್ಗಿಯಲ್ಲಿ ಸುತ್ತಲಿನ ನಾಲ್ಕು ಹಳ್ಳಿಯ ಖಾರವನ್ನೆಲ್ಲ ಕುಟ್ಟುತ್ತಿದ್ದ ಯಂತ್ರ ಅದು. ಹೆಂಡತಿಗೆ ಎದೆಯ ಗಂಟಿನ ಬ್ಯಾನಿ, ಕ್ಯಾನ್ಸರು, ಎಂದು ಗೊತ್ತಾದಾಗ ಮಹಾದೇವ ಎರಡನೆಯ ಮಾತಾಡದೆ ಮಾರಿದ್ದ. ಕೊಡುವ ಕೈಯೂ ಅವನದೇ, ಹೊಡೆಯುವ ಕೈಯೂ ಅವನದೇ. ಅವನ ಅಪ್ಪನೂ ಹಾಗೆಯೇ ಇದ್ದ.

ನಾಗರತ್ನಾ ರಕ್ತ ಒರೆಸಿಕೊಳ್ಳದೆ ಒಮ್ಮೆ, ಒಂದೇ ಒಂದು ಸಲ, ಅತ್ತೆಯ ಕಡೆಗೆ ನೋಡಿದಳು. ಆ ನೋಟದಲ್ಲಿ ಬೇಡಿಕೆ ಇರಲಿಲ್ಲ, ಸಿಟ್ಟೂ ಇರಲಿಲ್ಲ. 'ಹೇಳತೀರೋ, ಇಲ್ಲೋ' ಎಂಬುದಷ್ಟೇ ಇತ್ತು. ಗುರವ್ವನ ಕಣ್ಣು ಆ ನೋಟವನ್ನು ತಪ್ಪಿಸಿ ಗೋಡೆಯ ಮೊಳೆಯ ಕಡೆಗೆ ಹೋಯಿತು. ಮೊಳೆಗೆ ಗಿರಣಿಯ ಹಳೆಯ ಪಟ್ಟಾ ಜೋತುಬಿದ್ದಿತ್ತು. ಮೋಟಾರಿನಿಂದ ಕಲ್ಲಿಗೆ ಎಳೆಯುವ ದಪ್ಪ ರಬ್ಬರಿನ ಪಟ್ಟಾ, ತುಂಡಾದ ಮೇಲೆ ಒಂದು ಮಾರಿನಷ್ಟು ಉಳಿದದ್ದು. ಅದನ್ನು ಕಂಡದ್ದೇ ಗುರವ್ವನ ನಾಲಿಗೆ ತಾನೇ ಹೊರಳಿತು.

"ಆಕೀನ ಒಲ್ಲೆ ಅಂದ್ಲಪಾ... ಸಾಕು, ಊರಿಗೆ ಹೋಗೂಣು ಅಂತ ಹಟಾ ಹಿಡದ್ಲು. ಮುದುಕಿ ನಾ ಏನ ಮಾಡ್ಲಿ?"

ಹೇಳಿದ್ದು ತಾನೇ ಎಂದು ಅವಳಿಗೇ ನಂಬಿಕೆಯಾಗಲಿಲ್ಲ. ಆದರೆ ಆಡಿದ ಮಾತು ಬಿಟ್ಟ ಬಾಣ! ಮಹಾದೇವನ ಕೈ ಮೊಳೆಗೆ ಹೋಯಿತು. ಪಟ್ಟಾ ಗಾಳಿಯನ್ನು ಸೀಳಿಕೊಂಡು ಇಳಿಯಿತು. ಒಂದು... ಎರಡು... ನಾಗರತ್ನಾ ಎರಡೂ ಕೈಯಿಂದ ಎದೆಯ ಎಡಭಾಗವನ್ನು ಮುಚ್ಚಿಕೊಂಡು, ಬೆನ್ನನ್ನು ಏಟಿಗೆ ಒಪ್ಪಿಸಿ, ಹಿಟ್ಟಿನ ಮೇಲೆ ಮುದುಡಿ ಬಿದ್ದಳು. ನಾಲ್ಕನೆಯ ಏಟಿಗೆ ಅವಳ ಬಾಯಿಂದ ಹೊರಟದ್ದು ಕೂಗಲ್ಲ, ಉಸಿರು. ಗುರವ್ವ ಎಣಿಸಿದಳು. ಎಣಿಸುವುದು ಅವಳಿಗೆ ರೂಢಿಯಾಗಿತ್ತು. ಗಂಡ ಶಂಕರೆಪ್ಪ ಬದುಕಿದ್ದಾಗ, ಇದೇ ಗಿರಣಿಯಲ್ಲಿ, ಇದೇ ಪಟ್ಟಾದ ಏಟನ್ನು ಅವಳು ತನ್ನ ಬೆನ್ನ ಮೇಲೆ ಎಣಿಸಿದವಳು. ಎಣಿಸುತ್ತ ಹೋದರೆ ಯಾವುದೋ ಒಂದು ಸಂಖ್ಯೆಗೆ ನಿಲ್ಲುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಅಂದು ಏಳಕ್ಕೆ ನಿಂತಿತು.

"ಸಾಯಿ! ಇನ್ನ ಈ ಹೊಸ್ತಿಲಾ ದಾಟಿ ದವಾಖಾನಿಗೆ ಹೋದ್ರ ಕಾಲ ಮುರೀತೇನಿ!" ಎಂದು ಪಟ್ಟಾ ಎಸೆದು ಅವನು ಹೊರಗೆ ಹೋದ.

*

ಏನಾಗಿತ್ತು ಎಂಬುದು ಅತ್ತೆ ಸೊಸೆ ಇಬ್ಬರಿಗೇ ಗೊತ್ತು.

ಆ ವರ್ಷದ ಕಾರಹುಣ್ಣಿವೆಯ ಹೊತ್ತಿಗೆ ನಾಗರತ್ನಾಳ ಎಡಮೊಲೆಯನ್ನು ತೆಗೆದಿದ್ದರು. ಗಾಯ ಮಾದ ಮೇಲೆ ಆ ಜಾಗಕ್ಕೆ ಇಪ್ಪತ್ತೈದು ಸಲ ಕರೆಂಟು ಕೊಡಬೇಕೆಂದು ದೊಡ್ಡ ದವಾಖಾನೆಯಲ್ಲಿ ಹೇಳಿದರು. ಮೈಗೆ ಬೆಂಕಿ ಕಾಣದ ಬಿಸಿ ಹಾಯಿಸುವ ಆ ವಿಕಿರಣ ಚಿಕಿತ್ಸೆಗೆ ನಮ್ಮ ಮಂದಿ ಇಟ್ಟ ಹೆಸರು ಅದು. ಗಿರಣಿ ಮುಚ್ಚಿ ಮಹಾದೇವ ಎಷ್ಟು ದಿನ ಕೂಡಬೇಕು? ಅದಕ್ಕೆ ಗುರವ್ವನೇ ಸೊಸೆಯ ಜೊತೆಗೆ ದವಾಖಾನೆಯ ಎದುರಿನ ಧರ್ಮಶಾಲೆಯಲ್ಲಿ ಇಳಿದಳು. ಸೀಮೆಎಣ್ಣೆಯ ಸ್ಟೋವು, ಜೋಳದ ಹಿಟ್ಟು, ಒಂದು ಹಾಸಿಗೆ. ಮೊದಲ ದಿನವೇ ಎದೆಯ ಮೇಲೆ ನೇರಳೆ ಬಣ್ಣದಿಂದ ಚೌಕಾಕಾರದ ಗೆರೆ ಎಳೆದು ಹೇಳಿದ್ದರು: "ಮುಗಿಯುವವರೆಗೆ ಇಲ್ಲಿ ನೀರು ತಾಕಬಾರದು. ಗೆರೆ ಅಳಿಸಬಾರದು." ನಾಗರತ್ನಾ ಪಾಲಿಸಿದಳು. ಗುರವ್ವ ಸಹಿಸಿದಳು. ಆದರೆ ಎಷ್ಟು ದಿನ? ಹುಟ್ಟಿದಂದಿನಿಂದ ಜಳಕ ಮಾಡಿ ಲಿಂಗಪೂಜೆ ಮುಗಿಸದೆ ತೊಟ್ಟು ನೀರು ಕುಡಿಯದ ಹೆಣ್ಣು ಅವಳು. ಲಿಂಗ ಕಟ್ಟಿದವರಿಗೆ ಮೈಲಿಗೆ ಇಲ್ಲ ಎಂದು ಮಠದ ಸ್ವಾಮಿಗಳು ಹೇಳಿದ್ದನ್ನು ಅವಳೂ ಕೇಳಿದ್ದಳು. ಕೇಳಿದ ಮಾತಿಗಿಂತ ರೂಢಿಯ ಕೈ ಉದ್ದ. ದಿನವೂ ಒಂದು ಬಕೀಟು ಬಿಸಿನೀರಿಗೆ ಧರ್ಮಶಾಲೆಯ ಸತ್ಯಪ್ಪನಿಗೆ ಎರಡು ರೂಪಾಯಿ ಕೊಟ್ಟು ತಾನು ಮೀಯುತ್ತಿದ್ದಳು. ಸೊಸೆಯ ಎದೆಯ ಮೇಲೆ, ದಿನಗಟ್ಟಲೆ ನೀರು ಕಾಣದ ಆ ಮೈಯ ಮೇಲೆ, ಲಿಂಗ ತೂಗುವುದನ್ನು ನೋಡಿದಾಗಲೆಲ್ಲ ಅವಳು ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಶ್ರಾವಣದ ಕಡೆಯ ಸೋಮವಾರ ಬಂತು. ಆ ದಿನ ಗುರವ್ವ ಎರಡು ಬಕೀಟು ಕೊಂಡಳು.

"ಬ್ಯಾಡರೀ ಅತ್ತಿ, ಡಾಕ್ಟರು ಬೈತಾರ..." ಎಂದಳು ನಾಗರತ್ನಾ.

"ಡಾಕ್ಟರಿಗೇನ ಗೊತ್ತ ಸೋಮವಾರ? ಒಂದ ದಿನಾ ನೀರ ಬಿದ್ರ ಏನ ಕೊಚ್ಚಿಕೊಂಡ ಹೋಗೂದಿಲ್ಲ. ನೀ ಸುಮ್ಮನ ಕುಂಡರು!"

ಸೊಸೆಯ ಎದೆಯ ಮೇಲೆ ಕಪ್ಪಾಗಿ ಕಂಡದ್ದು ಕೊಳೆಯೆಂದೇ ಅವಳ ಲೆಕ್ಕ. ಅದು ಕರೆಂಟಿಗೆ ಬೆಂದ ತೊಗಲು ಎಂದು ಅವಳಿಗೆ ತಿಳಿಯಲಿಲ್ಲ. ಕಡಲೆಹಿಟ್ಟು ಹಚ್ಚಿ ತೆಂಗಿನ ನಾರಿನಿಂದ ಗಸಗಸ ತಿಕ್ಕಿದಳು. ನಾಗರತ್ನಾ ಕಿರುಚಿದಳು. "ಹಸಗೂಸಿನಂಗ ಒದರಬ್ಯಾಡ" ಎಂದು ಅವಳ ರಟ್ಟೆಯನ್ನು ಒತ್ತಿ ಹಿಡಿದು ಮತ್ತೆ ತಿಕ್ಕಿದಳು. ನೇರಳೆ ನೀರು ಹರಿಯಿತು. ಅದರ ಹಿಂದೆಯೇ ಕೆಂಪು ನೀರು ಹರಿಯಿತು. ತೊಗಲು ನಾರಿಗೆ ಅಂಟಿಕೊಂಡು ಬಂದಾಗ ಗುರವ್ವನ ಕೈ ನಿಂತಿತು... ಆದರೆ ಆಗಲೇ ಅಂಗೈಯಗಲ ಹಸಿ ಮಾಂಸ ಕಾಣುತ್ತಿತ್ತು!

ಮರುದಿನ ದವಾಖಾನೆಯಲ್ಲಿ ಯಾರೂ ಕೂಗಾಡಲಿಲ್ಲ. ಡಾಕ್ಟರು ನೋಡಿ ನಿಟ್ಟುಸಿರು ಬಿಟ್ಟರು. "ಗಾಯ ಮಾಯಲಿ. ಎರಡು ವಾರ ಬಿಟ್ಟು ಬನ್ನಿ. ಹೊಸದಾಗಿ ಗೆರೆ ಹಾಕಿ ಉಳಿದದ್ದನ್ನು ಕೊಡುತ್ತೇವೆ. ಮರೆಯಬೇಡಿ."

ಎರಡೇ ವಾರ! ಮಗನಿಗೆ ಹೇಳಿಬಿಡಬೇಕೆಂದು ಗುರವ್ವ ಬಸ್ಸಿನುದ್ದಕ್ಕೂ ಮಾತು ಜೋಡಿಸಿದಳು. ಬೈಲಹೊಂಗಲದಲ್ಲಿ ಬಸ್ಸು ಬದಲಿಸುವಾಗಲೂ ಜೋಡಿಸಿದಳು. ಗಿರಣಿಯ ಹೊಸ್ತಿಲು ದಾಟಿದಾಗ ಮೊದಲು ಕಣ್ಣಿಗೆ ಬಿದ್ದದ್ದು ನಾಲ್ಕು ಬೋಲ್ಟು, ಆಮೇಲೆ ಮೊಳೆಯ ಮೇಲಿನ ಪಟ್ಟಾ. "ಏನ ಅಂದ್ರವ್ವಾ?" ಎಂದು ಮಗ ಕೇಳಿದ. "ಸಾಕಂದ್ರಪಾ" ಎಂದುಬಿಟ್ಟಳು. ಮರುದಿನ ಬೆಳಿಗ್ಗೆ ಸೊಸೆಯ ಕೈಯನ್ನು ಲಿಂಗದ ಮೇಲೆ ಇರಿಸಿ, "ಆಣಿ ಮಾಡು ನಾಗೂ... ಅವಗ ಗೊತ್ತಾದ್ರ ನನ್ನ ಕೊಲ್ಲತಾನ" ಎಂದು ಅತ್ತಳು. ಆ ಹುಚ್ಚು ಹುಡುಗಿ ಆಣೆ ಮಾಡಿದಳು. ಗಣಪತಿ ಹೋಯಿತು, ದಸರೆ ಹೋಯಿತು. ಎರಡು ವಾರ ಎಂಟು ವಾರವಾಯಿತು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವಳಂತೆ ಗುರವ್ವ ಉಗುಳಲೂ ಇಲ್ಲ, ನುಂಗಲೂ ಇಲ್ಲ.

*

ಗುರುವಾರ ಬೆಳಗಿನ ಬೈಲಹೊಂಗಲ ಬಸ್ಸಿಗೆ ಆ ಕಾರ್ಯಕರ್ತೆ ಬಂದಳು. ಮೂವತ್ತರ ಒಳಗಿನ ಹೆಣ್ಣು, ಹೆಸರು ಸಂಘಮಿತ್ರಾ. ಹೆಗಲಿಗೆ ಬಟ್ಟೆಯ ಚೀಲ, ಕಾಲಲ್ಲಿ ಸವೆದ ಚಪ್ಪಲಿ.

"ಯಾರ ಪೈಕಿವಾ ನೀನು?" ಗುರವ್ವ ಮೊದಲು ಕೇಳಿದ್ದು ಅದನ್ನೇ.

"ಬೈಲಹೊಂಗಲದ ರಾಯವ್ವನ ಮಗಳರೀ ಅಮ್ಮಾರ. ಬುದ್ಧನ ಫೋಟೊ ಇಟ್ಟ ಮನಿ."

ಗುರವ್ವನಿಗೆ ಅರ್ಥವಾಯಿತು. ನೀರಿನ ಲೋಟವನ್ನು ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟಳು. ಸಂಘಮಿತ್ರಾ ಎತ್ತಿ ಕುಡಿದಳು. ಅಂಥ ಲೋಟಗಳು ಅವಳಿಗೆ ಹೊಸವಲ್ಲ.

ಮಹಾದೇವ ಗಿರಣಿಯಲ್ಲೇ ಜೋಳದ ಚೀಲದ ಮೇಲೆ ಕುಳಿತ. "ಏನ ಪರಿಹಾರ ಕೊಡತೀರೇನ ಬಾಯಾರ? ಇಲ್ಲಾ ಹೆಂಗ ಸೋತ್ವಿ ಅಂತ ನೋಡಾಕ ಬಂದೀರಿ?"

"ಒಂದು ಪೈಸೆ ಬರಂಗಿಲ್ಲ ಅಣ್ಣಾರ, ಮೊದಲ ಹೇಳಿಬಿಡತೇನಿ. ದವಾಖಾನಿಗೆ ಎಷ್ಟ ಕಟ್ಟೀರಿ ಅನ್ನೂದು ದವಾಖಾನಿಗೆ ಗೊತ್ತೈತಿ. ಅದರ ಹೊರಗ ಏನೇನ ಹೋತು ಅನ್ನೂದು ಯಾರಿಗೂ ಗೊತ್ತಿಲ್ಲ. ಬಸ್ಸು, ಚಾ, ಊಟ, ಮುಚ್ಚಿದ ಗಿರಣಿ, ಮಾರಿದ ಸಾಮಾನು. ಅದನ್ನ ಬರಕೋತೇವಿ. ಮಂದಿ ಯಾಕ ನಡುವ ಬಿಡತಾರ ಅನ್ನೂದು ತಿಳಿದ್ರ ಮುಂದಿನವರಿಗೆ ಉಪಯೋಗ ಆಗತೈತಿ."

"ಹಪ್ಪಳ ಎಷ್ಟ ತಿಂದ್ವಿ ಅಂತನೂ ಕೇಳತೀರೇನ?"

"ಕೊಂಡ ತಿಂದಿದ್ರ ಕೇಳತೇನಿ" ಎಂದು ಅವಳು ನಕ್ಕಳು. ಅವನಿಗೂ ತುಟಿಯಂಚಿನಲ್ಲಿ ನಗು ಬಂತು. ಬಸ್ಸಿನ ಚಾರ್ಜು ಹೇಳಿದ, ಗಿರಣಿ ಮುಚ್ಚಿದ ದಿನ ಹೇಳಿದ, ಖಾರದ ಯಂತ್ರ ಹದಿನಾಲ್ಕು ಸಾವಿರಕ್ಕೆ ಹೋದದ್ದನ್ನು ಎದೆಯುಬ್ಬಿಸಿ ಹೇಳಿದ. ಒಂದೂ ಸುಳ್ಳಿರಲಿಲ್ಲ.

"ನಡುವ ಬಿಟ್ಟದ್ದು ಯಾಕ?"

ಅವನ ಮುಖ ಬಿಗಿಯಿತು. "ಹೆಂಡ್ತಿ ಸೊಕ್ಕು. ಹಂಗ ಬರಕೋರಿ!"

"ಅಣ್ಣಾರ, ಇಪ್ಪತ್ತೈದಕ್ಕೂ ನೀವು ಮೊದಲ ರೊಕ್ಕ ಕಟ್ಟೀರಿ. ಹದಿನಾಲ್ಕು ಇನ್ನೂ ನಿಮ್ಮವ ಅದಾವ. ಈಗ ಹೋದ್ರೂ ಡಾಕ್ಟರು ನೋಡತಾರ. ಆದ್ರ ಇನ್ನ ತಡಾ ಮಾಡಿದ್ರ ಬ್ಯಾನಿ ಕಾಯಂಗಿಲ್ಲ. ವೈನಿಯವರ ಜೀವದ ಮಾತಿದು."

"ಕಾಯದಿದ್ರ ಸಾಯಲಿ! ನನ್ನ ಮಷಿನ್ ನೀರಾಗ ಹಾಕಿದಾಕಿ! ಹೊಸ್ತಿಲಾ ದಾಟಸಂಗಿಲ್ಲ ಅಂದ ಮ್ಯಾಲ ಮುಗೀತು."

ರೊಕ್ಕ ಕಟ್ಟಿದೆ, ಬಸ್ಸು ಇದೆ, ಧರ್ಮಶಾಲೆ ಇದೆ... ಅಡ್ಡವಾಗಿರುವುದು ಈ ಮನುಷ್ಯನ ಸಿಟ್ಟೊಂದೇ. ಆ ಸಿಟ್ಟಿಗೆ ಉರುವಲು ಹಾಕಿದವಳು ತಾನೇ! ಬಾಗಿಲಲ್ಲಿ ಕುಳಿತ ಗುರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ರೋಗಿಯನ್ನು ಒಬ್ಬರನ್ನೇ ಕೇಳಬೇಕೆಂಬುದು ಸಂಘಮಿತ್ರಾಳ ಕೆಲಸದ ಕಟ್ಟಳೆ. ಅವಳು ಅಡುಗೆಮನೆಗೆ ಹೋದಳು. ಗುರವ್ವ ಗೋಡೆಯ ಈಚೆ ಕಿವಿಯಾಗಿ ನಿಂತಳು.

"ರೊಕ್ಕ ಇರಲಿಲ್ಲ ಅಂತ ಬರಕೊಳ್ರಿ ಅಕ್ಕಾ" ಎನ್ನುತ್ತಿದ್ದಳು ನಾಗರತ್ನಾ.

"ರೊಕ್ಕ ಕಟ್ಟೈತೆಲ್ಲರೀ."

"ಹಂಗಾರ... ನನಗ ಬ್ಯಾಡ ಅನಸ್ತು ಅಂತ ಬರಕೊಳ್ರಿ."

ಆಮೇಲೆ ಸಂಘಮಿತ್ರಾಳ ದನಿ ಮೆಲ್ಲಗೆ ಬಂತು. "ಕುತ್ತಿಗಿ ಹಿಂದ ಏನದು?"

"ಬಿದ್ದೆ."

"ಎಲ್ಲಿ?"

"ಗಿರಣ್ಯಾಗ. ಹಿಟ್ಟಿನ ಮ್ಯಾಲ ಕಾಲ ಜಾರತೈತಿ..."

ಬಿದ್ದೆ! ಅದು ಗುರವ್ವನದೇ ಮಾತು. ಮೂವತ್ತು ವರ್ಷ ನೆರೆಯವರಿಗೆ, ತವರಿನವರಿಗೆ, ಹಡೆದ ತಾಯಿಗೂ ಅವಳು ಹೇಳಿದ ಮಾತು. ಹಿಟ್ಟಿನ ಮ್ಯಾಲ ಕಾಲ ಜಾರತೈತಿ... ಒಂದಕ್ಷರ ಹೆಚ್ಚುಕಡಿಮೆ ಇಲ್ಲ! ಈ ಹುಡುಗಿಗೆ ಇದನ್ನು ಯಾರು ಕಲಿಸಿದರು?

*

ಕಡೆಗೆ ಉಳಿದದ್ದು ರೋಗಿಯ ಜೊತೆಗಿದ್ದವರಿಗೆ ಕೇಳುವ ಪ್ರಶ್ನೆಗಳು. ಸಂಘಮಿತ್ರಾ ಗಿರಣಿಗೆ ಮರಳಿ ಗುರವ್ವನ ಎದುರು ಕುಳಿತಳು. ಮಹಾದೇವ ಕಲ್ಲಿಗೆ ಉಳಿ ಹೊಡೆಯುತ್ತ ಆಚೆ ಇದ್ದ. ನಾಗರತ್ನಾ ಬಾಗಿಲಿಗೆ ಬಂದು ನಿಂತಿದ್ದಳು.

"ಅಡಗಿ ನೀವ ಮಾಡತಿದ್ರೇನ ಅಮ್ಮಾರ?"

"ಹೂಂ."

"ಸೀಮಿಎಣ್ಣಿ ಎಷ್ಟ ಹೋತು?"

"ದಿನಾ ಒಂದ ಚಟಾಕು ಇದ್ದೀತು."

"ಬಿಸಿನೀರು?"

"ಸತ್ಯಪ್ಪ ಅಂತ ಒಬ್ಬಾಂವ ಕಾಸಿ ಕೊಡತಿದ್ದ. ಬಕೀಟಿಗೆ ಎರಡ ರೂಪಾಯಿ."

"ದಿನಕ್ಕ ಎಷ್ಟ ಬಕೀಟು?"

"ಒಂದ. ನನ್ನೊಬ್ಬಾಕಿಗೆ."

"ಹದಿನಾರು ದಿನಕ್ಕ ಹದಿನಾರು ಬಕೀಟು ಅಂತ ಬರೀಲೇನ?"

ಹೂಂ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಎರಡು ರೂಪಾಯಿಯ ಲೆಕ್ಕ, ಯಾರು ಕೇಳುತ್ತಾರೆ? ಆದರೆ ಗುರವ್ವ ಗಿರಣಿಯ ಹೆಣ್ಣು. ದೊಡ್ಡ ಸುಳ್ಳು ಹೇಳಿ ಎಂಟು ವಾರ ಬದುಕಿದ್ದವಳಿಗೆ ಅಳತೆಯಲ್ಲಿ ಸುಳ್ಳು ಹೇಳಿ ಗೊತ್ತಿರಲಿಲ್ಲ. ಬಾಯಿ ತಾನಾಗಿ ಬಿಟ್ಟಿತು.

"ಹದಿನೇಳು."

"ಒಂದ ದಿನಾ ಎರಡ ಕೊಂಡ್ರೇನ?"

"ಕಡೀ ಸೋಮವಾರ."

"ಎರಡ್ಯಾಕ?" ಸಂಘಮಿತ್ರಾ ಪೆನ್ನು ಎತ್ತದೆ ಸಹಜವಾಗಿ ಕೇಳಿದಳು.

ಉಳಿಯ ಸದ್ದು ನಿಂತಿತ್ತೋ, ಗುರವ್ವನಿಗೇ ಕೇಳಿಸದಾಯಿತೋ! ಅವಳು ಬಾಗಿಲ ಕಡೆಗೆ ನೋಡಿದಳು. ಸೊಸೆ ತಲೆ ಅಲ್ಲಾಡಿಸುತ್ತಿದ್ದಳು, ಬೇಡ ಬೇಡ ಎಂದು. ಏಟು ತಿಂದವಳೇ ಬೇಡ ಎನ್ನುತ್ತಿದ್ದಾಳೆ... ಗುರವ್ವನಿಗೆ ಅಳು ಬರಲಿಲ್ಲ. ಬೆನ್ನು ನೆಟ್ಟಗಾಯಿತು.

"ಎರಡನೇದು ಆಕಿಗೆ. ಡಾಕ್ಟರು ನೀರ ಹಾಕಬ್ಯಾಡ ಅಂದಿದ್ರು. ನಾ ಹಾಕಿದೆ. ಆಕಿ ಒಲ್ಲೆ ಅಂದ್ಲು, ನಾ ರಟ್ಟಿ ಹಿಡದ ತಿಕ್ಕಿದೆ. ಗೆರಿ ಅಳಸ್ತು, ತೊಗಲ ಕಿತ್ತ ಬಂತು. ಎರಡು ವಾರ ಬಿಟ್ಟು ಬರ್ರಿ ಅಂತ ಕಳಿಸಿದ್ರು. ಓಡಿ ಬಂದಾಕಿ ಆಕಿ ಅಲ್ಲೋ ಮಾದೇವಾ... ಸುಳ್ಳ ಹೇಳಿದಾಕಿ ನಾನು! ಲಿಂಗ ಮುಟ್ಟಿಸಿ ಆಕಿ ಬಾಯಿ ಮುಚ್ಚಿಸಿದಾಕಿ ನಾನು!"

ಮಹಾದೇವ ಎದ್ದು ನಿಂತ. ಅವನ ಮುಖದ ರಕ್ತವೆಲ್ಲ ಎಲ್ಲಿಯೋ ಇಳಿದುಹೋಗಿತ್ತು.

"ನೀ... ನೀನ? ಮೊನ್ನೆ ಆಕಿ ಮ್ಯಾಲ ಹಾಕಿ ಬಾಗಲಾಗ ನಿಂತ ನೋಡಿದೆಲ್ಲವ್ವಾ ನೀ!"

"ನೋಡಿದೆ. ಏಳ ಏಟು. ಎಣಿಸೀನಿ."

ಪಟ್ಟಾ ಅವನ ಕೈಗೆ ಯಾವಾಗ ಬಂತೋ! ಮೊದಲ ಏಟು ತಾಯಿಯ ಹೆಗಲ ಮೇಲೆ ಬಿತ್ತು. ಎರಡನೆಯದು ಎತ್ತುವಷ್ಟರಲ್ಲಿ ನಾಗರತ್ನಾ ಓಡಿ ಬಂದು ಅತ್ತೆಯನ್ನು ತಬ್ಬಿ ನಿಂತಳು. "ಮುದುಕಿರೀ! ಸಾಯತಾರರೀ!" ಅವನು ಅವಳನ್ನು ತೋಳಿನಿಂದ ಬೀಸಿ ಒಗೆದ. ಅವಳು ಜೋಳದ ಚೀಲಗಳ ಮೇಲೆ ಹೋಗಿ ಬಿದ್ದಳು. ಸಂಘಮಿತ್ರಾ ಕೂಗುತ್ತ ಅವನ ಮಣಿಕಟ್ಟಿಗೆ ಜೋತುಬಿದ್ದಳು, ಅವಳನ್ನೂ ಕೊಡವಿದ. ಆ ಎರಡನೆಯ ಏಟು ಇಳಿದಾಗ ಗುರವ್ವ ನಲವತ್ತು ವರ್ಷದಲ್ಲಿ ಎಂದೂ ಮಾಡದ ಕೆಲಸ ಮಾಡಿದಳು. ತಲೆ ತಗ್ಗಿಸಲಿಲ್ಲ. ಕೈ ಮೇಲೆತ್ತಿ ಪಟ್ಟಾದ ತುದಿಯನ್ನು ಹಿಡಿದಳು. ಹಿಡಿದು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡಳು!

"ಬಿಡ! ಬಿಡಬೇ!"

ಅವನು ಜಗ್ಗಿದ. ಅವಳು ಬಿಡಲಿಲ್ಲ. ಮತ್ತೊಮ್ಮೆ ಮೈಯೆಲ್ಲ ಬಲ ಹಾಕಿ ಜಗ್ಗಿದ. ಮುದುಕಿಯ ಕಾಲು ನೆಲ ಬಿಟ್ಟಿತು. ಮುಂದಕ್ಕೆ ಮುಗ್ಗರಿಸಿ, ಖಾರದ ಯಂತ್ರದ ಖಾಲಿ ಜಾಗದಲ್ಲಿ ಬೋಲ್ಟಿನ ಮೇಲೆ ಹಣೆ ಊರಿ ಬಿದ್ದಳು. ತೆಂಗಿನಕಾಯಿ ಒಡೆದಂಥ ಸದ್ದಾಯಿತು. ವಿಭೂತಿಯ ಬಿಳುಪಿನ ನಡುವೆ ಕೆಂಪು ಬಿರಿದು, ಮೂಗಿನ ಮೇಲಿಂದ ಹರಿದು, ಹಳೆಯ ಖಾರದ ಕೆಂಪಿನೊಳಗೆ ಸೇರಿಹೋಯಿತು...

"ಯವ್ವಾ..." ಎಂದಿತು ಮಹಾದೇವನ ಬಾಯಿ. ಅದು ಗಂಡಸಿನ ದನಿಯಾಗಿರಲಿಲ್ಲ.

ಸಂಘಮಿತ್ರಾ ಚೀಲದಿಂದ ಟವೆಲು ತೆಗೆದು ಗುರವ್ವನ ಹಣೆಗೆ ಒತ್ತಿ, ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ತನ್ನ ಬಾಟಲಿಯ ನೀರನ್ನು ಬಾಯಿಗೆ ಹಿಡಿದಳು. ಗುರವ್ವ ಯಾರ ನೀರು ಎಂದು ನೋಡಲಿಲ್ಲ. ಕುಡಿದಳು. "ಇನ್ನೊಂದ ಏಟ ಬಿದ್ರ ನಾ ಬೈಲಹೊಂಗಲ ಠಾಣೆಗೆ ಹೋಗಾಕಿನ ಅಣ್ಣಾರ! ಅಣ್ಣಾ ಅಂದದ್ದನ್ನೂ ಮರೀತೇನಿ!" ಎಂದು ಸಂಘಮಿತ್ರಾ ಹೇಳಿದಳು. ಓಣಿಯಲ್ಲಿ ಮಂದಿ ಸೇರಿತ್ತು. ಎದುರುಮನೆಯ ಹಿರಿಯ ನಿಜಗುಣಪ್ಪ ಒಳಗೆ ಬಂದು ಮಹಾದೇವನ ಭುಜ ಹಿಡಿದ. ಹಿಡಿಯಬೇಕಾದ ಕೆಲಸವೇ ಇರಲಿಲ್ಲ. ಅವನು ಆಗಲೇ ಕುಸಿದು ಕುಳಿತಿದ್ದ.

ಗುರವ್ವನ ಮುಂಗೈಗೆ ಪಟ್ಟಾ ಇನ್ನೂ ಸುತ್ತಿಕೊಂಡೇ ಇತ್ತು. ಮಲಗಿದಲ್ಲಿಂದಲೇ ಅವಳು ಮಾತಾಡಿದಳು. ಬೈಯುವ ದನಿಯಲ್ಲ, ಅಂಗಡಿಗೆ ಹೋದ ಮಗನಿಗೆ ಸಾಮಾನು ಹೇಳಿ ಕಳಿಸುವ ದನಿ.

"ಎರಡ ವಾರಂದ್ರು ಮಾದೇವಾ. ಹೇಳಬೇಕಂತ ಬಂದೆ. ಇದು ಮೊಳಿಗೆ ಜೋತಬಿದ್ದದ್ದು ಕಂಡೆ, ಮಾತ ನುಂಗಿದೆ. ಇದು ಇಲ್ಲಿ ಇರಲಿಲ್ಲಂದ್ರ ಅವತ್ತ ಹೇಳತಿದ್ದೆ. ಆಕಿ ಹೋಗಿ ಮುಗಿಸಿಕೊಂಡ ಬರತಿದ್ಲು. ನನ್ನ ತಪ್ಪ ನನ್ನ ತಲಿ ಮ್ಯಾಲ ಇರಲಿ, ಇಲ್ಲ ಅನ್ನೂದಿಲ್ಲ. ಆದ್ರ ನಿಮ್ಮಪ್ಪ ಸತ್ತ ದಿನಾನ ಇದನ್ನ ಹೊಳಿಗೆ ಎಸೀಬೇಕಾಗಿತ್ತು ನಾನು. ಗಿರಣಿ ಸಾಮಾನ, ಯಾವದಕ್ಕರ ಬರತೈತಿ ಅಂತ ನನ್ನ ಕೈಯಾರ ಮೊಳಿಗೆ ಹಾಕಿದೆ. ಯಾತಕ್ಕ ಬಂತು ನೋಡು..."

ನಾಗರತ್ನಾ ತೆವಳಿಕೊಂಡು ಬಂದು ಅತ್ತೆಯ ಪಾದದ ಹತ್ತಿರ ಕುಳಿತಳು. ಗುರವ್ವ ಕಣ್ಣು ತೆರೆದು ಸಂಘಮಿತ್ರಾಳನ್ನು ಕೇಳಿದಳು.

"ಏನಂತ ಬರಕೋತಿ ತಂಗೀ?"

ಸಂಘಮಿತ್ರಾ ಒಂದು ಕೈಯಲ್ಲಿ ಹಣೆ ಒತ್ತಿಹಿಡಿದೇ, ಇನ್ನೊಂದು ಕೈಯಿಂದ ಹಾಳೆ ತಿರುವಿದಳು. ರೊಕ್ಕ ಇಲ್ಲ, ದೂರ, ಜೊತೆಗೆ ಬರುವವರಿಲ್ಲ ಎಂಬ ಅಚ್ಚಾದ ಕಾರಣಗಳ ಮನೆಗಳನ್ನೆಲ್ಲ ದಾಟಿ, ಕೊನೆಯ 'ಇತರೆ' ಎಂಬಲ್ಲಿ ಬರೆದು, ಓದಿ ಹೇಳಿದಳು. "ಮನೆಯಲ್ಲಿ ಹೊಡೆತದ ಹೆದರಿಕೆ."

"ಇಂಥವು ಎಷ್ಟ ಮನಿ ಅದಾವ?"

"ಬರಸಿದವರು ನೀವ ಮೊದಲನೇದವರು ಅಮ್ಮಾರ. ಬರಸದವರು ಎಷ್ಟೋ!"

*

ಮೂರನೆಯ ದಿನ, ಹಣೆಗೆ ಆರು ಹೊಲಿಗೆ ಹಾಕಿಸಿಕೊಂಡ ಗುರವ್ವ ಹಾಸಿಗೆ ಸುತ್ತಿದಳು. ಕಟ್ಟಲು ಹಗ್ಗ ಹುಡುಕಲಿಲ್ಲ. ಅದೇ ಪಟ್ಟಾದಿಂದ ಬಿಗಿದು ಗಂಟು ಹಾಕಿದಳು. "ಇದು ಇನ್ನ ನನ್ನ ಸಂಗಾಟ ಇರಲಿ" ಎಂದಳು. ಮಹಾದೇವ ತಡೆಯಲಿಲ್ಲ. ಹಿಟ್ಟಿನ ಚೀಲ, ಸ್ಟೋವು ಹೊತ್ತು ಬಸ್ಸಿನವರೆಗೆ ಬಂದ. ನಾಗರತ್ನಾ ಅವನ ಕಡೆ ನೋಡದೆ ಕಿಟಕಿಯ ಬದಿಗೆ ಕುಳಿತಳು. ಅವನು ಕಿಟಕಿಯ ಕೆಳಗೆ ನಿಂತ.

"ಗಿರಣಿ ಚಾಲೂ ಮಾಡ ಹೋಗು" ಎಂದಳು ಗುರವ್ವ. "ಮಂದಿ ಡಬ್ಬಿ ಕಾಯಾಕತ್ತಾವ."

ಡಾಕ್ಟರು ಬಹಳ ಹೊತ್ತು ಪರೀಕ್ಷೆ ಮಾಡಿದರು. "ತಡವಾಗಿದೆ. ಆದರೂ ಕೊಡೋಣ. ಮುಂದೆ ಹೇಗೋ, ಭರವಸೆ ಮಾತ್ರ ಕೊಡಲಾರೆ" ಎಂದರು. ಹೊಸ ಗೆರೆ ಬಿತ್ತು. ಅಂದು ಗುರವ್ವ ಸೊಸೆಯ ಕೊರಳಿನಿಂದ ಕರಡಿಗೆಯನ್ನು ಬಿಚ್ಚಿ, ಶಿವದಾರವನ್ನು ಗಿಡ್ಡ ಮಾಡಿ, ಅವಳ ಬಲಗೈ ರಟ್ಟೆಗೆ ಕಟ್ಟಿದಳು. "ಇಲ್ಲಿದ್ರೂ ಅಂವ ಲಿಂಗನ" ಎಂದಳು.

ಮರುದಿನ ಬೆಳಿಗ್ಗೆ ಸತ್ಯಪ್ಪ ಬಕೀಟು ಹಿಡಿದು ಬಂದ. "ಬಿಸಿನೀರ ತಂದೀನಬೇ ಅಜ್ಜಿ."

"ಬ್ಯಾಡೋ ಯಪ್ಪಾ."

"ಯಾಕ? ನನ್ನ ವ್ಯಾಪಾರಕ್ಕ ಕಲ್ಲ ಹಾಕತೀಯಲ್ಲ!"

"ಆಕಿ ಮೀಯೂತನಾ ನಾನೂ ಮೀಯಂಗಿಲ್ಲ."

ಮೈಗೆ ನೀರು ಸೋಕಿಸದೆ, ಆ ಕಟ್ಟಾ ಹೆಣ್ಣು, ಹಣೆಗೆ ವಿಭೂತಿ ಹಚ್ಚಿ, ಹಾಗೆಯೇ ಲಿಂಗಪೂಜೆಗೆ ಕುಳಿತಳು. ಮೊದಲ ದಿನ ಲಿಂಗ ಮುಟ್ಟುವ ಮುನ್ನ ಸೆರಗಿನಿಂದ ಕೈ ಒರೆಸಿಕೊಂಡಳು. ಮೂರನೆಯ ದಿನ ಅವಳ ಮೈ ಅವಳಿಗೇ ನಾರಿತು. ವಾರದ ಮೇಲೆ ಧರ್ಮಶಾಲೆಯ ಹೆಂಗಸರು ಮೂಗು ಮುರಿದು ದೂರ ಕುಳಿತರು. ಅವಳು ಜಗ್ಗಲಿಲ್ಲ. ನಾಗರತ್ನಾ ಒಂದು ಮಾತೂ ಆಡುತ್ತಿರಲಿಲ್ಲ. ರೊಟ್ಟಿ ಬಡಿದು ಅತ್ತೆಯ ಮುಂದೆ ಇಟ್ಟು ಗೋಡೆಗೆ ಮುಖ ಮಾಡುತ್ತಿದ್ದಳು. ಅತ್ತೆಯೂ ಕ್ಷಮೆ ಕೇಳಲಿಲ್ಲ. ಕೇಳಿದರೆ ಆ ಹುಡುಗಿ ಕೊಟ್ಟುಬಿಟ್ಟಾಳು ಎಂಬ ಅಂಜಿಕೆ ಅವಳಿಗೆ.

ಹದಿನಾಲ್ಕು ಮುಗಿದವು. ತೊಗಲು ಆರಿ, ಇನ್ನು ಮೀಯಬಹುದು ಎಂದು ಡಾಕ್ಟರು ಹೇಳಿದ ದಿನ ಗುರವ್ವ ನಾಲ್ಕು ರೂಪಾಯಿ ಕೊಟ್ಟು ಎರಡು ಬಕೀಟು ಕೊಂಡಳು. ಮೊದಲನೆಯದನ್ನು ಸೊಸೆಗೆ ಇಟ್ಟು ತಾನು ಹೊರಗೆ ನಿಂತಳು. ನಾರು, ಕಡಲೆಹಿಟ್ಟು ಒಂದನ್ನೂ ಒಳಗೆ ಇಟ್ಟಿರಲಿಲ್ಲ. ನಾಗರತ್ನಾ ಮಿಂದು, ಸೀರೆ ಸುತ್ತಿಕೊಂಡು ಹೊರಬಂದು, ಹೋಗುವವಳು ಹೋಗದೆ ನಿಂತಳು.

"ಕೈ ಎತ್ತಾಕ ಬರ್ತಾವೇನ್ರಿ ನಿಮಗ? ಹೆಗಲ ಬಾತೈತೆಲ್ಲ ಇನ್ನೂ."

"ಬರ್ತಾವ ತಗೋ."

"ಬರಂಗಿಲ್ಲ. ಒಳಗ ನಡೀರಿ, ನಾ ಸುರವತೇನಿ."

ಇಪ್ಪತ್ತೆರಡು ದಿನಗಳ ಮೇಲೆ ಆಡಿದ ಮಾತು. ಗುರವ್ವ ಒಳಗೆ ಹೋಗಿ ಮಣೆಯ ಮೇಲೆ ಕುಳಿತು, ಬೆನ್ನ ಮೇಲಿನ ಸೆರಗು ಇಳಿಸಿದಳು. ಹಿಂದಿನಿಂದ ನೀರು ಬೀಳಲಿಲ್ಲ. ತಂಬಿಗೆ ತುಂಬಿದ ಸದ್ದು ಕೇಳಿತ್ತು, ಆದರೆ ನೀರು ಬೀಳಲಿಲ್ಲ. ಆ ಬೆನ್ನನ್ನು ನಾಗರತ್ನಾ ಮದುವೆಯಾಗಿ ಬಂದ ಹತ್ತು ವರ್ಷದಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಅಲ್ಲಿ ಪಟ್ಟಾದ ಅಗಲಕ್ಕೆ ಸರಿಯಾಗಿ, ಉತ್ತ ಹೊಲದ ಸಾಲಿನ ಹಾಗೆ, ಒಂದರ ಮೇಲೊಂದು ಬೆಳ್ಳಗಿನ ಬರೆ... ಭುಜದಿಂದ ಸೊಂಟದವರೆಗೆ... ಎಣಿಸಲು ಬಾರದಷ್ಟು!

ನಾಗರತ್ನಾಳ ಬೆರಳು ಒಂದು ಬರೆಯ ಮೇಲೆ ಬಂದು ಕೂತಿತು.

"ಅತ್ತೀ..."

"ಸುರವು ನಾಗೂ" ಎಂದಳು ಗುರವ್ವ, ಮುಖ ತಿರುಗಿಸದೆ. "ನೀರ ಆರತಾವ."